ಲಿಫ್ಟ್ ಇರುವ ಕಾಗದದ ಮನೆ ಮತ್ತು ನನ್ನ ಹೇಳಿಕೆಯ ಎರಡನೇ ಹಾಳೆ

ಮಾನ್ಯ ಮುಖ್ಯ ಅಭಿಯೋಜಕರೇ,

ಇಂದು ಬೆಳಿಗ್ಗೆ ನಿಮ್ಮ ಕಚೇರಿಯ ಕಾವಲುಗಾರ ಬಾಗಿಲ ಬಳಿ ಒಂದು ಸೂಚನೆ ಅಂಟಿಸುತ್ತಿದ್ದ. ಅಂಟನ್ನು ನಾಲ್ಕು ಮೂಲೆಗಳಿಗೆ ಮಾತ್ರ ಹಚ್ಚಿದ್ದ. ನಡುವೆ ಕಾಗದ ಗಾಳಿ ತುಂಬಿಕೊಂಡು ಉಬ್ಬಿತ್ತು. ಕಾಗದದ ಕಸುಬಿನ ಮನೆಯಲ್ಲಿ ಹುಟ್ಟಿದವಳಿಗೆ ಇಂಥದ್ದೇ ಮೊದಲು ಕಣ್ಣಿಗೆ ಬೀಳುತ್ತದೆ. ಹೇಳೋಣವೆಂದುಕೊಂಡೆ, ಸಂಕೋಚವಾಯಿತು. ಸಾಕ್ಷಿಗಳು ತಮ್ಮ ಹೇಳಿಕೆಯ ಪ್ರತಿಯನ್ನು ಮೂರನೇ ಮಹಡಿಯಲ್ಲಿ ಪಡೆಯಬಹುದು ಎಂದು ಅದರಲ್ಲಿತ್ತು. ಮೂರನೇ ಮಹಡಿಯಲ್ಲಿ ನನ್ನ ಅರ್ಜಿಯನ್ನು ಮತ್ತೆ ಹಿಂದಿರುಗಿಸಿದರು. ನನ್ನ ಹೇಳಿಕೆಯ ಅರ್ಧವನ್ನು ನಿಮ್ಮ ಕಚೇರಿ ನುಂಗಿದೆ. ಉಳಿದ ಅರ್ಧದ ಬಲದಿಂದ ಅರವತ್ತೆಂಟು ವರ್ಷದ ಮುದುಕರೊಬ್ಬರು ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದಾರೆ. ಅವರು ಕೊಂದರೆಂದು ನೀವು ಹೇಳುತ್ತಿರುವುದು ನನ್ನ ಅಪ್ಪನನ್ನು.

ನಮ್ಮ ನಾನ್‌ಕೆಂಗ್ ಊರಿನಲ್ಲಿ ಸತ್ತವರಿಗಾಗಿ ಸುಟ್ಟು ಕಳಿಸುವ ಕಾಗದದ ಮನೆಗಳನ್ನು ಕಟ್ಟುವವರು ಇಬ್ಬರೇ ಇದ್ದರು. ರಸ್ತೆಯ ಈಚೆ ನನ್ನ ಅಪ್ಪ ಲ್ಯಾವ್ ತಿಯೆನ್‌ಲು, ಆಚೆ ಕೊ ಮುಜಿನ್, ನಾನು ಚಿಕ್ಕಂದಿನಿಂದ ಕೊ ಮಾವ ಎನ್ನುವವರು, ನೀವು ಜೈಲಿಗೆ ಕಳಿಸಿದವರು. ಇಬ್ಬರ ನಡುವೆ ಪೈಪೋಟಿ ಇತ್ತೆಂದು ನಿಮ್ಮ ಆರೋಪಪಟ್ಟಿ ಹನ್ನೊಂದು ಪುಟಗಳಲ್ಲಿ ಸಾಬೀತು ಮಾಡಿದೆ. ಅಷ್ಟು ಶ್ರಮ ಬೇಕಿರಲಿಲ್ಲ. ನನ್ನನ್ನು ಕೇಳಿದ್ದರೆ ಒಂದೇ ವಾಕ್ಯದಲ್ಲಿ ಹೇಳುತ್ತಿದ್ದೆ. ಏಳನೇ ತಿಂಗಳ ಪ್ರೇತಪೂಜೆಗೆ ಪ್ರೇತರಾಜನ ಆಳೆತ್ತರದ ಬೊಂಬೆ ಮಾಡುವ ಕೆಲಸವನ್ನು ದೇವಸ್ಥಾನದವರು ಅಪ್ಪ ಸತ್ತ ವರ್ಷ ಕೊ ಮಾವನಿಗೆ ಕೊಟ್ಟಿದ್ದರು. ಅಪ್ಪ ದೇವಸ್ಥಾನದ ಅಂಗಳದಲ್ಲಿ ನಿಂತು, "ಇದೇನು ಪ್ರೇತರಾಜನೋ, ಜ್ವರ ಬಂದಿರೋ ಅಂಚೆಯವನೋ?" ಎಂದು ಕೇಳಿದರು. "ನಿನ್ ಮುಖ ನೋಡ್ಕೊಂಡು ಮಾಡಿದ್ದು ಕಣೋ, ಅದಕ್ಕೇ ಹಂಗಾಯ್ತು" ಎಂದರು ಕೊ ಮಾವ. ಅಂಗಳವೆಲ್ಲ ನಕ್ಕಿತು. ತೀರ್ಪಿನಲ್ಲಿ ಇದು "ಆಳವಾದ ದ್ವೇಷಕ್ಕೆ ಕಾರಣವಾದ ಬಹಿರಂಗ ಅವಮಾನ" ಎಂದು ದಾಖಲಾಗಿದೆ. ನಕ್ಕವರನ್ನು ಬರೆದುಕೊಳ್ಳಲು ನಿಮ್ಮ ನಮೂನೆಯಲ್ಲಿ ಜಾಗವಿರಲಿಲ್ಲವೇನೋ.

ಎರಡು ವರ್ಷದ ಹಿಂದೆ, ಎಂಟನೇ ತಿಂಗಳ ಒಂದು ಬೆಳಿಗ್ಗೆ, ಅಪ್ಪ ನಮ್ಮ ಕೆಲಸದ ಶೆಡ್ಡಿನಲ್ಲಿ ಬಿದಿರಿನ ಅಟ್ಟಕ್ಕೆ ಹಾಕಿದ್ದ ಏಣಿಯ ಬುಡದಲ್ಲಿ ತಲೆಯೊಡೆದು ಬಿದ್ದಿದ್ದರು. ಬಿದ್ದು ಆದದ್ದೋ, ಯಾರಾದರೂ ಹೊಡೆದದ್ದೋ ಹೇಳಲಾಗದು ಎಂದು ವೈದ್ಯರು ಬರೆದರು. ಹಿಂದಿನ ಸಂಜೆ ಕೊ ಮಾವ ಶೆಡ್ಡಿಗೆ ಬಂದು ಹೋದದ್ದನ್ನು ಪಕ್ಕದವರು ನೋಡಿದ್ದರು. ನಿಮ್ಮವರು ಅವರ ಮನೆ ಶೋಧಿಸಿದಾಗ ಮುಗಿಯುತ್ತ ಬಂದಿದ್ದ ಒಂದು ಕಾಗದದ ಮನೆ ಸಿಕ್ಕಿತು. ಬಾಗಿಲ ಮೇಲೆ ಅಪ್ಪನ ಹೆಸರಿತ್ತು. ಅಂಟು ಒಣಗಿ ವಾರಗಳಾಗಿದ್ದವು. ಮನುಷ್ಯ ಸಾಯುವ ಮೊದಲೇ ಅವನ ಉತ್ತರಕ್ರಿಯೆಯ ಮನೆ ಕಟ್ಟಿಟ್ಟವನು ಕೊಲೆಗಾರನಲ್ಲದೆ ಇನ್ನಾರು? ನಿಮ್ಮ ತನಿಖೆ ಅಲ್ಲಿಗೆ ಮುಗಿಯಿತು.

ನಮ್ಮ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ಸ್ವಂತ ಮನೆಯ ಸಾವಿಗೆ ಸ್ವಂತ ಮನೆಯವರು ಕಾಗದ ಅಂಟಿಸಬಾರದು. ಮನೆಯ ಅಂಟಿನ ವಾಸನೆ ಹಿಡಿದು ಸತ್ತವರು ಹಿಂದಿರುಗುತ್ತಾರೆ ಎನ್ನುತ್ತಾರೆ. ಹಾಗಾಗಿ ಇಬ್ಬರೇ ಕಸುಬುದಾರರಿರುವ ಊರಿನಲ್ಲಿ ಒಬ್ಬನ ಮನೆಯನ್ನು ಇನ್ನೊಬ್ಬನೇ ಕಟ್ಟಬೇಕು, ಅವನು ಎಷ್ಟೇ ದೊಡ್ಡ ವೈರಿಯಾಗಿದ್ದರೂ. ಅಜ್ಜಿಯ ಮನೆಯನ್ನು ಕಟ್ಟಿದವರು ಕೊ ಮಾವ. ಕೊ ಮಾವನ ಹೆಂಡತಿಯ ಮನೆಯನ್ನು ಕಟ್ಟಿದವರು ಅಪ್ಪ. ಆಕೆಗೆ ಇಷ್ಟವೆಂದು ಹಿತ್ತಲಲ್ಲಿ ಕಾಗದದ ಬಾತುಕೋಳಿಗಳನ್ನೂ ಬಿಟ್ಟಿದ್ದರು.

ಅಪ್ಪ ಸಾಯುವ ನಾಲ್ಕು ತಿಂಗಳ ಮೊದಲು, ವಸಂತದಲ್ಲಿ, ನಾನೇ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ರಸ್ತೆ ದಾಟಿಸಿದೆ. ರಸ್ತೆ ದಾಟಲು ಸ್ಕೂಟರು ಬೇಕಾಗುವಷ್ಟು ಅವರ ಮೊಣಕಾಲು ಕೆಟ್ಟಿತ್ತು. ಕೊ ಮಾವ ಬಿದಿರು ಸೀಳುತ್ತ ಕೂತಿದ್ದರು.

"ನನ್ ಮನೆ ಈಗ್ಲೇ ಕಟ್ಟು" ಎಂದರು ಅಪ್ಪ.

"ಯಾಕೋ, ಅಷ್ಟು ಅವಸರಾನಾ?"

"ನಿನ್ ಕೈಲಿ ಒಂದು ಮೂಲೆನೂ ನೆಟ್ಟಗೆ ಬರಲ್ಲ. ಸತ್ಮೇಲೆ ಸೊಟ್ಟ ಮನೇಲಿ ಕೂತ್ಕೊಂಡು ಯಾರ ಹತ್ರ ಜಗಳ ಆಡ್ಲಿ? ಬದುಕಿರೋವಾಗ್ಲೇ ನೋಡಿ ತಿದ್ದಿಸ್ಕೊತೀನಿ."

"ಮೂವತ್ತು ವರ್ಷದಲ್ಲಿ ಒಬ್ರೂ ವಾಪಸ್ ಬಂದು ದೂರು ಕೊಟ್ಟಿಲ್ಲ."

"ನೀನ್ ಮಾಡಿದ್ ಬಾಗ್ಲು ತೆಗೆಯೋಕೆ ಆಗಿರಲ್ಲ, ಹೆಂಗ್ ಬರ್ತಾರೆ? ಎರಡು ಅಂತಸ್ತು ಬೇಕು. ಮೆಟ್ಲು ಬೇಡ, ಮಂಡಿ ಕೇಳಲ್ಲ."

"ಮೆಟ್ಲಿಲ್ದೆ ಮೇಲಕ್ಕೆ ಹಾರ್ಕೊಂಡು ಹೋಗ್ತೀಯಾ?"

"ಲಿಫ್ಟ್ ಇಡು."

ಕೊ ಮಾವ ಕತ್ತಿ ಕೆಳಗಿಟ್ಟು ಅಪ್ಪನ ಮುಖ ನೋಡಿದರು. ಆಮೇಲೆ ಪೆನ್ಸಿಲ್ ಹುಡುಕಿದರು. ಹಿಂದಿರುಗುವಾಗ ಅಪ್ಪ ನನ್ನ ಬೆನ್ನ ಹಿಂದಿನಿಂದ, "ನಿಮ್ಮಮ್ಮಂಗೆ ಹೇಳ್ಬೇಡ. ಸಾಯೋಕ್ ಮುಂಚೆನೇ ಸಾಯಿಸ್ಬಿಡ್ತಾಳೆ" ಎಂದರು. ಬದುಕಿರುವಾಗ ತನ್ನ ಕಾಗದದ ಮನೆ ಕಟ್ಟಿಸುವುದು ಸಾವನ್ನು ಊಟಕ್ಕೆ ಕರೆದಂತೆ ಎಂದು ಅಮ್ಮ ನಂಬುತ್ತಾಳೆ. ನಾನು ಹೇಳಲಿಲ್ಲ.

ಆದರೆ ನಿಮಗೆ ಹೇಳಿದೆ. ಅಪ್ಪ ಸತ್ತ ಮೂರನೇ ದಿನ ನಿಮ್ಮ ಕಚೇರಿಯ ಅಭಿಯೋಜಕರು ನನ್ನನ್ನು ಕರೆಸಿದರು. ಒಳ್ಳೆಯವರು. ಚಹಾ ತರಿಸಿದರು, ಅಮ್ಮ ಏನಾದರೂ ತಿಂದಳೇ ಎಂದು ವಿಚಾರಿಸಿದರು, ನನ್ನನ್ನು "ಮಗಳೇ" ಎಂದರು. ನಾಲ್ಕು ಜನರೆದುರು ಬಾಯಿ ಬಿಡಲಾರದ ನಾನು ಅವರೆದುರು ಒಂದು ಗಂಟೆ ಮಾತಾಡಿದೆ: ಸ್ಕೂಟರು, ಮೊಣಕಾಲು, ಲಿಫ್ಟು, ಬೇಡವೆಂದರೂ ಅಪ್ಪ ಏಣಿ ಹತ್ತುತ್ತಿದ್ದದ್ದು, ಎಲ್ಲವನ್ನೂ. ಮೇಜಿನ ಮೇಲೆ ಧ್ವನಿಮುದ್ರಣದ ಯಂತ್ರದ ಕೆಂಪು ದೀಪ ಉರಿಯುತ್ತಿತ್ತು. ಅಚ್ಚಾಗಿ ಬಂದ ಹಾಳೆಯಲ್ಲಿ ಇದ್ದದ್ದು ಇಷ್ಟು: "ತಂದೆ ಆಗಾಗ ಕೊ ಮುಜಿನ್ ಅವರ ಮನೆಗೆ ಹೋಗುತ್ತಿದ್ದರು. ಅಲ್ಲಿ ವಾಗ್ವಾದಗಳು ನಡೆಯುತ್ತಿದ್ದವು."

"ಉಳಿದದ್ದು?" ಎಂದು ಕೇಳಿದೆ.

"ಅದನ್ನ ಬೇರೆ ಹಾಳೆಲಿ ಬರ್ಕೊಂಡಿದೀವಿ ಮಗಳೇ. ನೀನು ಸಾಹಿತ್ಯ ಓದಿದೋಳು, ಕತೆ ಥರ ಹೇಳ್ತೀಯ. ಕಾನೂನಿಗೆ ಚಿಕ್ಕದಾಗಿ ಬೇಕು. ಇಲ್ಲಿ ಸಹಿ ಬದ್ಲು ನಿನ್ ಹೆಸರಿನ ಮುದ್ರೆ ಒತ್ತು."

ಒತ್ತಿದೆ. ಎದುರು ಮಾತಾಡುವುದು ಅವಿಧೇಯತೆ ಅನ್ನಿಸಿತು. ಚಹಾ ಇನ್ನೂ ಬಿಸಿಯಿತ್ತು.

ಆ ಬೇರೆ ಹಾಳೆ ಎಲ್ಲಿದೆ, ಮಾನ್ಯರೇ? ಕೊ ಮಾವ ನ್ಯಾಯಾಲಯದಲ್ಲಿ, "ಅವನೇ ಹೇಳಿ ಕಟ್ಟಿಸ್ಕೊಂಡ, ಆ ಸಂಜೆ ಲಿಫ್ಟಿನ ಬಾಗ್ಲಿಗೆ ಯಾವ ಬಣ್ಣ ಅಂತ ಕೇಳೋಕ್ ಹೋಗಿದ್ದೆ, ಅವನು ಮನೆ ಕಟ್ಟು ಅಂದಾಗ ಅವನ ಮಗಳು ಅಲ್ಲೇ ಇದ್ಲು, ಅವಳನ್ನ ಕೇಳಿ" ಎಂದರು. ನನ್ನನ್ನು ಯಾರೂ ಕರೆಯಲಿಲ್ಲ. ಕರೆಯುವುದೇಕೆ, ಹೇಳಿಕೆ ಇತ್ತಲ್ಲ. ಕಳೆದ ತಿಂಗಳು ಉಚ್ಚ ನ್ಯಾಯಾಲಯ ಮೇಲ್ಮನವಿಯನ್ನು ತಳ್ಳಿಹಾಕುವಾಗ ಬರೆದ ಸಾಲು ನನಗೆ ಬಾಯಿಪಾಠವಾಗಿದೆ: "ಮೃತನ ಸ್ವಂತ ಮಗಳ ಹೇಳಿಕೆಯಲ್ಲಿಯೇ ಇಂಥ ಪ್ರಸ್ತಾಪವಿಲ್ಲ." ಮೆಟ್ಟಿಲಿಲ್ಲದ ಮನೆಯ ಬಗ್ಗೆಯೂ ಒಂದು ಮಾತಿದೆ: ಆರೋಪಿಯು ಮೃತನ ದೈಹಿಕ ದೌರ್ಬಲ್ಯಗಳನ್ನು ಮುಂಚಿತವಾಗಿ ಅಭ್ಯಸಿಸಿದ್ದನಂತೆ. ಕೊಲ್ಲಲು ಹೊರಟವನು, ಕೊಲೆಯಾಗುವವನ ಮಂಡಿನೋವಿಗೆ ಮರುಗಿ, ವಾರಗಟ್ಟಲೆ ಕೂತು ಕಾಗದದಲ್ಲಿ ಲಿಫ್ಟ್ ಮಾಡಿದನೇ? ನಾನು ಓದಿದ್ದು ಸಾಹಿತ್ಯ, ನಿಜ. ಆದರೆ ಇಷ್ಟು ಧಾರಾಳವಾದ ಕಲ್ಪನೆ ನಮ್ಮ ತರಗತಿಯಲ್ಲಿ ಯಾರಿಗೂ ಇರಲಿಲ್ಲ.

ಕೊ ಮಾವ ಸಜ್ಜನರೆಂದು ವಾದಿಸಲು ಬಂದಿಲ್ಲ. ಅವರು ಜಿಪುಣರು, ನಮ್ಮ ಗಿರಾಕಿಗಳನ್ನು ಬಸ್ ನಿಲ್ದಾಣದಲ್ಲೇ ತಡೆದು ಕರೆದೊಯ್ಯುತ್ತಿದ್ದರು. ಅಪ್ಪ ಹೇಗೆ ಸತ್ತರೆಂಬುದೂ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ, ನಾನು ಅದನ್ನು ಒಪ್ಪಿಕೊಳ್ಳುತ್ತೇನೆ, ಅಷ್ಟೇ ವ್ಯತ್ಯಾಸ. ಕಟ್ಟಬೇಕಾದವರು ಜೈಲಿನಲ್ಲಿದ್ದುದರಿಂದ ಅಪ್ಪನಿಗೆ ಪಟ್ಟಣದಿಂದ ಯಂತ್ರದಲ್ಲಿ ಅಚ್ಚಾದ ರಟ್ಟಿನ ಮನೆ ತಂದು ಸುಟ್ಟೆವು. ಅದರ ಬಾಗಿಲು ಬರೀ ಚಿತ್ರ. ಅವರು ಕೇಳಿ ಕಟ್ಟಿಸಿಕೊಂಡ ಮನೆ ನಿಮ್ಮ ಉಗ್ರಾಣದಲ್ಲಿ ಕುತ್ತಿಗೆಗೆ ನಂಬರು ಕಟ್ಟಿಸಿಕೊಂಡು ಕೂತಿದೆ.

ನಾನು ಕೇಳುತ್ತಿರುವುದು ದಯೆಯನ್ನಲ್ಲ. ಕೊನೆಯ ಮೇಲ್ಮನವಿ ಸಲ್ಲಿಸಲು ಕೊ ಮಾವನಿಗೆ ಉಳಿದಿರುವುದು ಒಂಬತ್ತು ದಿನ. ಅಷ್ಟರೊಳಗೆ ಆ ಧ್ವನಿಮುದ್ರಣವನ್ನು, ಪೂರ್ತಿಯಾಗಿ, ನ್ಯಾಯಾಲಯದ ಮುಂದಿಡಿ. ಎರಡನೇ ಹಾಳೆ ಇದ್ದರೆ ತೋರಿಸಿ. ಇಲ್ಲದಿದ್ದರೆ, ಇರಲೇ ಇಲ್ಲವೆಂದು ಬರೆದುಕೊಡಿ.

ಹೋದ ವಾರ ಅಮ್ಮನ ಬಳಿ ಈ ಮಾತೆತ್ತಿ ಕೊ ಮಾವನ ಹೆಸರು ಹೇಳಿದ್ದೆನಷ್ಟೇ. "ಅವನ ಪರ ನೀನು ಬಾಯಿ ಬಿಟ್ಟ ದಿನ, ಈ ಮೇಜಿನ ಮೇಲೆ ನಿನ್ನ ಬಟ್ಟಲು ಇಡಲ್ಲ" ಎಂದಳು. ಬೆದರಿಕೆಯ ಧ್ವನಿಯಲ್ಲಿ ಹೇಳಲಿಲ್ಲ. ಸೊಪ್ಪು ಸೋಸುತ್ತ ಹೇಳಿದಳು. ಅವಳನ್ನು ದೂರಲಾರೆ. ಗಂಡನನ್ನು ಕೊಂದವರು ಇವರೇ ಎಂದು ಒಂದು ಸರ್ಕಾರವೇ ಅವಳ ಮನೆಗೆ ಬಂದು ಹೇಳಿದೆ.

ಈ ಪತ್ರ ನಾಳೆಯ ಪತ್ರಿಕೆಯಲ್ಲಿ ಬರುತ್ತದೆ. ನಮ್ಮ ಊರಿಗೆ ಪತ್ರಿಕೆ ಬರುವುದು ಒಂಬತ್ತಕ್ಕೆ. ಅದಕ್ಕೆ ಮೊದಲು, ಬೆಳಗಿನ ಗಂಜಿಯ ಹೊತ್ತಿಗೆ, ಇದನ್ನು ನಾನೇ ಅಮ್ಮನಿಗೆ ಪೂರ್ತಿ ಓದಿ ಹೇಳುತ್ತೇನೆ. ಎಂಟೂವರೆಯ ಬಸ್ಸಿಗೆ ಕೊ ಮಾವನ ವಕೀಲರ ಕಚೇರಿಗೆ ಹೋಗಿ ಪ್ರಮಾಣ ಮಾಡಿ ಹೇಳಿಕೆ ಕೊಡುತ್ತೇನೆ. ಚೀಲದಲ್ಲಿ ಚಳಿಗಾಲದ ಬಟ್ಟೆಗಳನ್ನೂ ಇಟ್ಟುಕೊಂಡಿದ್ದೇನೆ.

ಇಂತಿ,
ಓದಿಯೂ ಮುದ್ರೆ ಒತ್ತಿದ ಸಾಹಿತ್ಯ ಪದವೀಧರೆ,
ಲ್ಯಾವ್ ಯುನ್‌ಜು
ನಾನ್‌ಕೆಂಗ್