ಜೌಗಿನ ಉಪ್ಪು

ಬಸ್ರಾದ ಬದ್ರಿಯಾ ಅಕ್ಕನಿಗೆ, ಚಿಬಾಯಿಶ್ ಜೌಗಿನಿಂದ ನಿನ್ನ ತಮ್ಮ ಬರೆಯುವುದು. ಅತ್ತೆಯ ಜೊಂಡಿನ ಮನೆಯಲ್ಲಿ ಮಲಗಿ ಸೊಂಟ ಹಿಡಿದಿದೆ, ಉಳಿದಂತೆ ಕ್ಷೇಮ.

ಉಪ್ಪು ನೀರು ಏರಿ ಬಂದರೆ ಎಮ್ಮೆಗಳ ಕಣ್ಣು ಹೋಗುತ್ತದಲ್ಲ, ಅದಕ್ಕೆಂದು ನನ್ನ ಭಾವಮೈದುನ ಛಾಸಿಬನಿಗೆ ಯಾರೋ ಒಂದು ಅಗ್ಗದ ಸೆನ್ಸರ್ ಕೊಟ್ಟಿದ್ದಾರೆ. ತೇಲಿಬಿಟ್ಟರೆ ನೀರಿನಲ್ಲಿ ಉಪ್ಪೆಷ್ಟಿದೆ ಎಂದು ಫೋನಿಗೆ ತಿಳಿಸುತ್ತದೆ. ಅದರ ಇಂಗ್ಲಿಷ್ ಚೀಟಿಯನ್ನು ಕಾಲೇಜು ಕಂಡ ಅಳಿಯನೇ ಓದಬೇಕಲ್ಲ? ಅರ್ಧ ಅರ್ಥವಾಯಿತು, ಇನ್ನರ್ಧಕ್ಕೆ ತಲೆಯಾಡಿಸಿದೆ. ನನ್ನ ಇಂಗ್ಲಿಷ್ ಎಷ್ಟೆಂದು ಬಲ್ಲ, ತೀರಿಹೋದ ನನ್ನವಳಿದ್ದಿದ್ದರೆ ಆ ಚೀಟಿ ನನ್ನ ಕೈಗೇ ಬರುತ್ತಿರಲಿಲ್ಲ. ನಿನ್ನೆ ಫೋನು ಸಮುದ್ರದಷ್ಟು ಉಪ್ಪು ಎಂದಿತು. ನಾನು ಬೊಬ್ಬೆ ಹಾಕಿ ಮೂವತ್ತು ಎಮ್ಮೆಗಳನ್ನು ಉತ್ತರದ ಸಿಹಿನೀರಿನತ್ತ ಹೊರಡಿಸಿದೆ. ಅತ್ತೆ ಒಂದು ಬೊಗಸೆ ನೀರು ಕುಡಿದು, ಸೆನ್ಸರನ್ನು ಎತ್ತಿ ನೋಡಿದರು. "ನೀರು ಸಿಹಿ ಐತಿ, ಅಳಿಯಂದಿರೇ. ನಿಮ್ಮ ಯಂತ್ರಕ್ಕೇನು ಚಳಿಯೇ, ಟೋಪಿ ಹಾಕೀರಲ್ಲ?" ಸೆನ್ಸರಿನ ತುದಿ ಒಣಗದಿರಲೆಂದು ಒಳಗೆ ಉಪ್ಪುನೀರು ತುಂಬಿದ ಮುಚ್ಚಳ ಅದು. ತೆಗೆಯಬೇಕೆಂಬ ಸಾಲು ನಾನು ತಲೆಯಾಡಿಸಿದ ಅರ್ಧದಲ್ಲಿತ್ತು. ಎಮ್ಮೆಗಳು ವಾಪಸ್ಸು ಬಂದವು.

ಇವತ್ತು ಮುಚ್ಚಳವಿಲ್ಲದೆಯೇ ಫೋನು ಮತ್ತೆ ಉಪ್ಪು ಎಂದಿತು. ಯಾರೂ ಚಹಾ ಲೋಟ ಕೆಳಗಿಡಲಿಲ್ಲ. "ಮೊದಲ ನೀವು ಕುಡೀರಿ, ಭಾವಾ" ಎಂದ ಛಾಸಿಬ. ಕುಡಿದೆ. ಕಿವುಚಿಕೊಂಡ ನನ್ನ ಮುಖ ನೋಡಿದ್ದೇ ಅತ್ತೆ, "ಏಳ್ರೋ, ಎಮ್ಮಿ ಹೊಡೀರಿ. ಯಂತ್ರ ಸುಳ್ಳು ಹೇಳೀತು, ಈ ಮಾರಿಗೆ ಅಷ್ಟು ಬುದ್ಧಿ ಇಲ್ಲ" ಎಂದರು.

ರಕ್ತದೊತ್ತಡದ ಮಾತ್ರೆ ನಾಲ್ಕೇ ಉಳಿದಿವೆ, ಬೇಗ ಕಳಿಸು. ದೋಣಿಯ ಮುಂದುಗಡೆ ನನ್ನನ್ನೇ ಕೂರಿಸಿದ್ದಾರೆ. ಕಾಲುವೆಯ ತಿರುವಿಗೊಂದು ಬೊಗಸೆ ನೀರು ಕುಡಿಯಬೇಕು. ಎಲ್ಲಿ ನನ್ನ ಮುಖ ಸಡಿಲವಾಗುತ್ತದೋ ಅಲ್ಲಿ ಎಮ್ಮೆಗಳನ್ನು ನಿಲ್ಲಿಸುತ್ತಾರಂತೆ.

ನಾಜಿಮ್