ಹೆಸರು ತೆಗೆದಿರಿ, ಮನೆ ಉಳಿಸಿದಿರಿ

ಅಜ್ಜೀಪುರ, ಫೆಬ್ರವರಿ 1975

ಕಂಪ್ಯೂಟರ್ ವಿಭಾಗದ ಮುಖ್ಯಾಧಿಕಾರಿಗಳಿಗೆ, ಬೆಂಗಳೂರು

ಮಾನ್ಯರೇ,

'ಪಟ್ಟಿಯಲ್ಲಿ ಯಾವುದೇ ವ್ಯಕ್ತಿಯ ಹೆಸರನ್ನು ನಮೂದಿಸಿಲ್ಲವಾದ ಕಾರಣ ಯಾರ ಗೌಪ್ಯತೆಗೂ ಧಕ್ಕೆ ಉಂಟಾಗಿರುವುದಿಲ್ಲ' ಎಂದು ತಾವು ಟೈಪು ಮಾಡಿಸಿ, ಮೊಹರು ಒತ್ತಿಸಿ ಕಳಿಸಿದ ಉತ್ತರ ಕೈಸೇರಿತು. ಓದಿದಾಗ ನನಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ನಾಚಿಕೆ. ತಮ್ಮ ಕಂಪ್ಯೂಟರ್ ನಮ್ಮ ಸೀಮೆಯ ಮನೆಮನೆಯ ಕಾಯಿಲೆಯನ್ನು ಊರಿಗೆಲ್ಲ ಸಾರಿತು; ಅದರಿಂದ ಒಂದು ಮದುವೆ ಮುರಿಯಿತು; ಮುರಿದವರು ಬೇರೆ ಯಾರೂ ಅಲ್ಲ, ನಾವೇ. ಇದು ನನ್ನ ದೂರು. ಇದರಲ್ಲಿ ತಮ್ಮ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ತೂಗಿ ನೋಡಲು ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಗುಟ್ಟಾಗಿ ಬರೆದ ಪತ್ರಕ್ಕೆ ತಮ್ಮ ಕಚೇರಿ ಕೊಡುವ ಉತ್ತರ ಎಂಥದೆಂದು ಗೊತ್ತಾಗಿದೆಯಲ್ಲ.

ನಾನು ಅಜ್ಜೀಪುರದ ಬ್ರಾಂಚ್ ಅಂಚೆ ಕಚೇರಿಯನ್ನು ನಡೆಸುವವನು. ಕಚೇರಿ ಎಂದರೆ ನಮ್ಮ ಮನೆಯ ಜಗಲಿ, ಒಂದು ಮೇಜು, ಒಂದು ಮುದ್ರೆ. ನಮ್ಮ ಕಡೆ ಮಾದಪ್ಪನ ಒಕ್ಕಲೇ ಹೆಚ್ಚು. ಹಾಗಾಗಿ ಗಂಡಾದರೆ ಮಾದಯ್ಯ, ಮಾದಣ್ಣ, ದೊಡ್ಡಮಾದ, ಚಿಕ್ಕಮಾದ. ಹೆಣ್ಣಾದರೆ ಮಾದಮ್ಮ, ಚಿಕ್ಕಮಾದಮ್ಮ. ಸಂತೆಯಲ್ಲಿ ನಿಂತು 'ಮಾದಾ' ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. 'ಮಾದಯ್ಯ, ಅಜ್ಜೀಪುರ' ಎಂದಷ್ಟೇ ಬರೆದ ಕಾಗದ ಬಂದರೆ ಅದು ನನ್ನ ಮೇಜಿನ ಮೇಲೆಯೇ ಹಳೆಯದಾಗುತ್ತದೆ. ನಮ್ಮಲ್ಲಿ ಮನುಷ್ಯನ ಗುರುತು ಹೆಸರಲ್ಲ, ಮನೆ. ಗಾಣದ ಮನೆ, ಹುಣಸೆಮರದ ಮನೆ, ಮೂಲೆಮನೆ ಎಂದರೆ ಮೂರು ತಲೆಮಾರಿನ ಜಾತಕ ಹೇಳಿದಂತೆ. ಇದು ಮೂರನೆಯ ಕ್ಲಾಸಿನ ಮಗುವಿಗೂ ಗೊತ್ತು. ತಮ್ಮ ವಿದ್ವಾಂಸರಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಟ್ಟವನು ನಾನು.

ಎರಡು ವರ್ಷದ ಹಿಂದೆ ತಮ್ಮ ಸಂಸ್ಥೆಯವರು ಚರ್ಮ ಮತ್ತು ನರದ ಕಾಯಿಲೆಗಳ ಸಮೀಕ್ಷೆಗೆಂದು ಜೀಪಿನಲ್ಲಿ ಬಂದರು. ನಮ್ಮವರು ದೊಡ್ಡರೋಗ ಎಂದು ಪಿಸುಗುಟ್ಟುವ, ತಮ್ಮ ಭಾಷೆಯಲ್ಲಿ ಕುಷ್ಠ ಎನ್ನುವ ರೋಗವೇ ಅದರಲ್ಲಿ ಮುಖ್ಯ. ಮನೆಮನೆಗೆ ಹೋಗಿ, ಮೈ ನೋಡಿ, ಹಿಂದೆ ಯಾರಿಗೆ ಏನಾಗಿತ್ತೆಂದು ಕೇಳಿ ಬರೆಯಬೇಕು. ಬರೆದದ್ದು ಬೆಂಗಳೂರಿಗೆ ಹೋಗಿ ಕಾರ್ಡುಗಳಲ್ಲಿ ತೂತುಗಳಾಗಬೇಕು. ತೂತುಗಳನ್ನು ಯಂತ್ರ ಓದಿ ಲೆಕ್ಕ ಹೇಳಬೇಕು. ಮೊದಲ ದಿನವೇ ಮಾದಯ್ಯಂದಿರ ಕಾಡಿನಲ್ಲಿ ಅವರು ದಾರಿ ತಪ್ಪಿದರು. ಒಬ್ಬನನ್ನೇ ಎರಡು ಸಲ ಬರೆದು, ಇನ್ನೊಬ್ಬನನ್ನು ಬಿಟ್ಟು, ತಲೆ ಕೆರೆದುಕೊಂಡು ನನ್ನ ಜಗಲಿಗೆ ಬಂದು ಕೂತರು. ಮಜ್ಜಿಗೆ ಕೊಟ್ಟೆ, ಬುದ್ಧಿಯನ್ನೂ ಕೊಟ್ಟೆ: ಮನೆಯ ಹೆಸರು ಬರೆದುಕೊಳ್ಳಿ ಸ್ವಾಮಿ, ಯಾರೂ ತಪ್ಪುವುದಿಲ್ಲ. ಅವರಿಗೆ ಅದೆಷ್ಟು ಸಂತೋಷವಾಯಿತೆಂದರೆ ಹಾಳೆಯಲ್ಲಿ ಅದಕ್ಕೇ ಒಂದು ಕಾಲಂ ಮಾಡಿಬಿಟ್ಟರು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಬೆಂಗಳೂರಿನ ಕಂಪ್ಯೂಟರಿಗೆ ಅಜ್ಜೀಪುರದವನೊಬ್ಬ ದಾರಿ ತೋರಿಸಿದ ಎಂದು ಬೀಗಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಜನ ಬಾಯಿ ಬಿಡುತ್ತಿರಲಿಲ್ಲ. ಈ ರೋಗದ ವಿಷಯಕ್ಕೆ ಯಾರು ತಾನೇ ಬಿಡುತ್ತಾರೆ? ಆಗ ನಾನೇ ಅವರ ಜೊತೆ ಅಜ್ಜೀಪುರ, ಬಂಡಳ್ಳಿ ಎಂದು ಸುತ್ತಿದೆ. ಡಾಕ್ಟರು ನನಗೆ ಹೇಳಿದ್ದನ್ನೇ ಜನಕ್ಕೆ ಹೇಳಿದೆ: ಇದು ಪಾಪದ ಫಲವಲ್ಲ, ರಕ್ತದಲ್ಲಿ ಬರುವುದಲ್ಲ, ಮಾತ್ರೆ ತಿಂದರೆ ವಾಸಿಯಾಗುತ್ತದೆ, ವಾಸಿಯಾದವರಿಂದ ಯಾರಿಗೂ ಅಂಟುವುದಿಲ್ಲ. ನೀವು ಹೇಳಿದ್ದು ಯಂತ್ರದ ಹೊಟ್ಟೆಯಿಂದ ಆಚೆ ಬರುವುದಿಲ್ಲ, ಅದಕ್ಕೆ ನಾನು ಜವಾಬ್ದಾರ ಎಂದೆ. ಈ ಊರುಗಳ ಓದು ಬಾರದ ತಾಯಂದಿರಿಗೆ ಅವರ ಗಂಡಂದಿರ ಕಾಗದ ಓದಿ ಹೇಳುವವನು ನಾನು. ಒಬ್ಬರ ಮನೆಯ ಮಾತು ಇನ್ನೊಬ್ಬರ ಮನೆಗೆ ನನ್ನಿಂದ ಹೋಗಿಲ್ಲ. ಅದನ್ನು ನಂಬಿ ಜನ ಹೇಳಿದರು. ಅವರು ನಂಬಿದ್ದು ತಮ್ಮ ಸಂಸ್ಥೆಯನ್ನಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಹಾಗೆ ನಂಬಿದವರಲ್ಲಿ ಬಂಡಳ್ಳಿಯ ಒಬ್ಬ ತಾಯಿ. ಮಗಳು ಇನ್ನೂ ಚಿಕ್ಕವಳಿದ್ದಾಗ ಈ ತಾಯಿಯ ಬೆನ್ನಿನ ಮೇಲೆ ಸ್ಪರ್ಶವಿಲ್ಲದ ಒಂದು ಮಚ್ಚೆ ಎದ್ದಿತ್ತು. ತಂಗಿಯ ಮನೆಗೆ ಹೋಗುತ್ತೇನೆಂದು ಹೇಳಿ ಕೊಳ್ಳೇಗಾಲದ ಬಸ್ಸು ಹತ್ತುತ್ತಿದ್ದರು, ಆಸ್ಪತ್ರೆಯಲ್ಲಿ ಮಾತ್ರೆ ತೆಗೆದುಕೊಂಡು ಬರುತ್ತಿದ್ದರು. ಪೂರ್ತಿ ವಾಸಿಯಾಯಿತು, ಡಾಕ್ಟರು ಇನ್ನು ಬರಬೇಡಿ ಎಂದರು. ಇದು ಗಂಡನೊಬ್ಬನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಸಮೀಕ್ಷೆಯ ನರ್ಸಮ್ಮನಿಗೆ ಹೇಳಿದರು. ಅವರು ಹೇಳುವಾಗ ನಾನು ಹೊರಗೆ ಜಗಲಿಯ ಮೇಲೆ ಕೂತಿದ್ದೆ, ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳಲೂ ಬಾರದಲ್ಲ. ಮುಂದಿನ ವರ್ಷ ಅದೇ ತಾಯಿಯ ಮಗಳನ್ನು ನನ್ನ ಮಗನಿಗೆ ಕೇಳಿದೆವು. ಒಳ್ಳೆಯ ಹುಡುಗಿ, ಒಳ್ಳೆಯ ಮನೆ. ವೀಳ್ಯಶಾಸ್ತ್ರ ಆಯಿತು. ನನ್ನ ಹೆಂಡತಿ ಸೋಮಮ್ಮ ಸೊಸೆಗೆಂದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ತಂದಿಟ್ಟಳು.

ಆಮೇಲೆ ತಮ್ಮ ಪಟ್ಟಿ ಬಂತು. ಬದಿಗೆ ಸಾಲಾಗಿ ತೂತು ಹೊಡೆದ, ತಿಳಿಹಸಿರು ಗೆರೆಯ, ಮಡಿಕೆ ಬಿಚ್ಚಿದರೆ ಮುಗಿಯದ ಕಾಗದ. ಆಸ್ಪತ್ರೆಗೆ ಒಂದು ಪ್ರತಿ ಸಾಕಾಗಿತ್ತು. ಬಿ.ಡಿ.ಓ. ಕಚೇರಿಗೂ, ಪಂಚಾಯಿತಿಗಳಿಗೂ 'ಮಾಹಿತಿಗಾಗಿ' ಎಂದು ಕಳಿಸಿದಿರಿ. ಸಂಶೋಧನೆಯ ಫಲ ಜನಕ್ಕೆ ತಲುಪಬೇಕಲ್ಲವೇ, ತಲುಪಿತು! ಬಸ್ಸಿನ ಟಾಪಿನ ಮೇಲೆ, ಗೋಣಿಚೀಲದ ಪಕ್ಕದಲ್ಲಿ, ಹಗ್ಗ ಬಿಗಿದುಕೊಂಡು ಬಂತು. ವ್ಯಕ್ತಿಯ ಹೆಸರು ತೆಗೆದಿದ್ದಿರಿ, ನಿಜ. ಊರು ಇತ್ತು, ಮನೆಯ ಹೆಸರು ಇತ್ತು, ಗಂಡೋ ಹೆಣ್ಣೋ ಎಂಬುದು ಇತ್ತು, ವಯಸ್ಸು ಇತ್ತು, ತವರೂರು ಇತ್ತು. ಇಷ್ಟಾದ ಮೇಲೆ ಹೆಸರು ಯಾರಿಗೆ ಬೇಕು? ರೋಗವನ್ನು ಮಾತ್ರ ಬರೆಯದೆ ಸಂಖ್ಯೆಯಲ್ಲಿ ಕೊಟ್ಟಿದ್ದಿರಿ. ಜಾಣತನವೇ. ಆದರೆ ಯಾವ ಸಂಖ್ಯೆ ಯಾವ ರೋಗ ಎಂಬ ವಿವರಣೆಯನ್ನು 'ಓದುಗರ ಅನುಕೂಲಕ್ಕಾಗಿ' ಕೊನೆಯ ಹಾಳೆಗೆ ಪಿನ್ನು ಹೊಡೆದಿದ್ದಿರಿ. ಬೀಗ ಹಾಕಿ ಕೀಲಿಕೈಯನ್ನು ಅದರಲ್ಲೇ ಬಿಟ್ಟು ಹೋಗುವವರನ್ನು ನಮ್ಮ ಕಡೆ ಏನೆನ್ನುತ್ತಾರೆಂದು ಪತ್ರಿಕೆಯಲ್ಲಿ ಬರೆಯುವುದು ಸಭ್ಯತೆಯಲ್ಲ.

ಪಟ್ಟಿ ಬಂಡಳ್ಳಿ ಪಂಚಾಯಿತಿಯ ಮೇಜಿನ ಮೇಲೆ ಬಿದ್ದಿತ್ತು. ಕಂದಾಯ ಕಟ್ಟಲು ಬಂದವರು ಮಗುಚಿದರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲವರು ಓದಿ ಹೇಳಿದರು. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಸಂಜೆಯೊಳಗೆ ಹುಡುಗಿಯ ತಾಯಿಯ ಸುದ್ದಿ ನಮ್ಮ ಮನೆಗೆ ಬಂತು. ನನ್ನ ಅಣ್ಣ ದೊಡ್ಡಮಾದಯ್ಯ ನಮ್ಮ ಮನೆಯ ಹಿರಿಯ, ಅವನ ಮಾತಿಗೆ ಎದುರಿಲ್ಲ. ಸಂಬಂಧ ಬೇಡ ಎಂದ. ಆಕೆಗೆ ವಾಸಿಯಾಗಿದೆಯೆಂದು ಹುಡುಗಿಯ ತಂದೆ ಹೇಳಿ ಕಳಿಸಿದ್ದರು; ವಾಸಿಯಾದ ಕಾಯಿಲೆ ಕಣಣ್ಣ ಎಂದು ನಾನು ಗೊಣಗಿದೆ. ಪಟ್ಟಿಯಲ್ಲಿ ವಾಸಿಯಾಯಿತು ಎಂದು ಎಲ್ಲಿದೆ ತೋರಿಸು ಎಂದ. ಇರಲಿಲ್ಲ. 'ಎಂದಾದರೂ ಬಂದಿತ್ತೇ' ಎಂಬುದಕ್ಕೆ ತಮ್ಮಲ್ಲಿ ಕಾಲಂ ಇತ್ತು, 'ಹೋಯಿತೇ' ಎಂಬುದಕ್ಕೆ ಇರಲಿಲ್ಲ. "ನೀನೇ ಮುಂದ ನಿಂತು ಬರ್ಸಿದ್ದು, ಈಗ ಅದು ಸುಳ್ಳು ಅಂದಿಯೇನ್ಲಾ?" ಎಂದು ಅಣ್ಣ ಕೇಳಿದ.  ಊರೂರು ತಿರುಗಿ ಇದು ಅಂಟುವುದಿಲ್ಲ ಎಂದು ಬೊಬ್ಬೆ ಹೊಡೆದವನು ನನ್ನ ಸ್ವಂತ ಪಡಸಾಲೆಯಲ್ಲಿ ಸುಮ್ಮನಾದೆ. ಬೀಗರ ಮನೆಗೆ ಹೋಗಿ ಹೇಳುವ ಮುಖವೂ ಇಲ್ಲದೆ ಬೇರೆಯವರ ಕೈಲಿ ಹೇಳಿ ಕಳಿಸಿದೆ. 

ಪಟ್ಟಿಯನ್ನಾದರೂ ತಿದ್ದಿಸೋಣ ಎಂದು ಪಂಚಾಯಿತಿಯ ಪ್ರತಿಯನ್ನು ಕೇಳಿ ಪಡೆದು ಕೈಚೀಲದಲ್ಲಿಟ್ಟುಕೊಂಡು ಬೆಂಗಳೂರಿಗೆ ಬಂದೆ. ತಮ್ಮ ಕಟ್ಟಡದ ಬಂದೋಬಸ್ತು ನೋಡಿ ಬೆರಗಾದೆ. ಗೇಟಿನಲ್ಲಿ ಕಾವಲಿನವನು ಹೆಸರು, ಊರು, ತಂದೆಯ ಹೆಸರು, ಬಂದ ಕಾರಣ ಎಲ್ಲ ಬರೆಸಿಕೊಂಡ. ಧೂಳಾಗುತ್ತದೆಂದು ಚಪ್ಪಲಿ ಬಿಡಿಸಿದರು. ಗಾಜಿನ ಆಚೆ ತಣ್ಣಗಿನ ಕೋಣೆಯಲ್ಲಿ ಯಂತ್ರ ಕೂತಿತ್ತು, ಗರ್ಭಗುಡಿಯ ದೇವರ ಹಾಗೆ; ನನ್ನಂಥವರಿಗೆ ಒಳಗೆ ಪ್ರವೇಶವಿಲ್ಲ. ಒಬ್ಬ ವಿನಯವಂತ ತರುಣ ಬಂದು ಎಲ್ಲ ವಿವರಿಸಿದ. ನಮ್ಮ ಸೀಮೆಯ ಮಾಹಿತಿಯೆಲ್ಲ ಟೇಪಿನ ಸುರುಳಿಯಲ್ಲಿದೆಯಂತೆ, ಸುರುಳಿ ಕಬ್ಬಿಣದ ಬೀರುವಿನಲ್ಲಿದೆಯಂತೆ, ಬೀರುವಿಗೆ ಎರಡು ಬೀಗವಂತೆ, ಎರಡು ಕೀಲಿಕೈ ಇಬ್ಬರು ಅಧಿಕಾರಿಗಳ ಹತ್ತಿರವಂತೆ. ಬಂಡಳ್ಳಿಯ ಒಂದು ಮನೆಯ ಸಾಲನ್ನು ತಿದ್ದಬೇಕು ಎಂದೆ.

"ಬೇರೆಯವರ ವಿವರ ನಿಮಗೆ ತೋರಿಸೋ ಹಾಗಿಲ್ಲ ಯಜಮಾನ್ರೇ, ಅದು ಗೋಪ್ಯ" ಎಂದ.

ನಾನು ಚೀಲದಿಂದ ಕಾಗದ ತೆಗೆದು ಮೇಜಿನ ಮೇಲೆ ಬಿಚ್ಚಿದೆ. ಮಡಿಕೆ ಮಡಿಕೆಯಾಗಿ ಜಾರಿ ನೆಲಕ್ಕೆ ಇಳಿಯಿತು. ಹುಡುಗ ಕೆಂಪಾದ, ಪಾಪ. ಅವನಿಗೂ ನಾಚಿಕೆಯಾಯಿತು ಎಂದು ನನಗೆ ಸ್ವಲ್ಪ ಸಮಾಧಾನವಾಯಿತು. ಬರಹದಲ್ಲಿ ಕೊಟ್ಟು ಹೋಗಿ, ಸಾಹೇಬರು ನೋಡುತ್ತಾರೆ ಎಂದ. ಕೊಟ್ಟೆ. ಸಾಹೇಬರು, ಎಂದರೆ ತಾವು, ನೋಡಿದಿರಿ. ಮೇಲೆ ಹೇಳಿದ ಉತ್ತರವನ್ನು ದಯಪಾಲಿಸಿದಿರಿ.

ನನ್ನ ಪ್ರಶ್ನೆ ಇಷ್ಟೇ. ಆ ಎರಡು ಬೀಗ ಯಾರ ರಕ್ಷಣೆಗೆ? ಯಂತ್ರಕ್ಕೆ ಧೂಳು ಬೀಳಬಾರದು, ಟೇಪಿಗೆ ಬಿಸಿ ತಾಗಬಾರದು, ಸರಿ. ಒಂದು ಹೆಣ್ಣುಮಗಳ ಮಾತಿಗೆ ಏನೂ ತಾಗಬಾರದು ಎಂದು ತಮ್ಮ ಯಾವ ನಿಯಮದಲ್ಲಿದೆ? ಮಾಹಿತಿಯನ್ನು ಕದಿಯಲು ಕಳ್ಳ ಬರುತ್ತಾನೆಂದು ಬಾಗಿಲು ಭದ್ರ ಮಾಡಿ, ತಾವೇ ಹಿತ್ತಲಿಂದ ಮೂಟೆ ಕಟ್ಟಿ ಬಸ್ಸಿಗೆ ಹಾಕಿದರೆ ಅದಕ್ಕೆ ಏನೆನ್ನಬೇಕು? ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು. ದೇಶದ ದೊಡ್ಡ ಯಂತ್ರ, ಕ್ಷಣದಲ್ಲಿ ಲಕ್ಷ ಲೆಕ್ಕ ಮಾಡುತ್ತದಂತೆ. ಮಾಡಲಿ, ಬೇಡ ಎಂದವರಾರು? ಇಷ್ಟು ಬೇಗ ಲೆಕ್ಕ ಮಾಡುವ ಯಂತ್ರದ ಪಕ್ಕದಲ್ಲಿ, ಈ ಕಾಗದವನ್ನು ಯಾರು ಓದುತ್ತಾರೆ ಎಂದು ನಿಧಾನವಾಗಿ ಯೋಚಿಸುವ ಒಬ್ಬ ಮನುಷ್ಯನನ್ನು ಕೂರಿಸಬೇಡವೇ?

ಇದು ಬರೀ ನಮ್ಮ ಮನೆಯ ಗೋಳು ಎಂದುಕೊಳ್ಳಬೇಡಿ. ಪಟ್ಟಿ ಬಂದ ಮೇಲೆ ಆಸ್ಪತ್ರೆಯವರು ಮೈ ನೋಡಲು ಬಂದರೆ ಬಾಗಿಲು ತೆರೆಯುವವರಿಲ್ಲ. ಕಾಡಂಚಿನ ಒಂದು ಊರಿನಲ್ಲಿ ಒಬ್ಬಾತ ತೋಳಿನ ಮಚ್ಚೆ ಕಾಣದಿರಲೆಂದು ಅದರ ಮೇಲೆ ದೊಡ್ಡದಾಗಿ ಹಚ್ಚೆ ಹಾಕಿಸಿಕೊಂಡ. ಚುಚ್ಚುವಾಗ ಒಂದಿಷ್ಟೂ ನೋವಾಗಲಿಲ್ಲವಂತೆ. ನೋವಾಗದಿರುವುದೇ ಆ ರೋಗದ ಲಕ್ಷಣ ಎಂದು ತಮ್ಮ ಡಾಕ್ಟರೇ ನಮಗೆ ಹೇಳಿದ್ದರು. ಮುಂದಿನ ಸಮೀಕ್ಷೆಯಲ್ಲಿ ಅವನು ಲೆಕ್ಕಕ್ಕೆ ಸಿಗುವುದಿಲ್ಲ. ರೋಗ ಕಡಿಮೆಯಾಯಿತೆಂದು ತಮ್ಮ ಯಂತ್ರ ಹೇಳುತ್ತದೆ, ತಾವು ನಂಬುತ್ತೀರಿ.

ಬೆಂಗಳೂರಿನಿಂದ ಬಂದವನು ಕೊನೆಗೂ ಧೈರ್ಯ ಮಾಡಿ ಬಂಡಳ್ಳಿಗೆ ಹೋದೆ. ಅಣ್ಣನ ಮಾತು ಮೀರಿ, ಸೋಮಮ್ಮನನ್ನೂ ಕರೆದುಕೊಂಡು ಹೋದೆ. ತಪ್ಪಾಯಿತು ಎಂದೆ. ಸಂಬಂಧ ಉಳಿಸಿಕೊಡಿ ಎಂದು ಕೇಳಿದೆ. ಪತ್ರಿಕೆಗೆ ಬರೆಯಬೇಕೆಂದಿದ್ದೇನೆ, ನಿಮ್ಮ ಹೆಸರು ಎತ್ತುವುದಿಲ್ಲ ಎಂದೂ ಹೇಳಿದೆ. ಆ ತಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಲ್ಲಾರ್ಗೂ ಗೊತ್ತಾಗೋಯ್ತಲ್ಲಣ್ಣ, ಇನ್ನೇನ ಮುಚ್ಚಿಕ್ಕದು? ವಾಸಿಯಾಯ್ತು ಅನ್ನದೊಂದು ಯಾರ್ಗೂ ಗೊತ್ತಿಲ್ಲ. ಬರದ್ರ ಅದ ಬರಿ. ನನ್ನ ಎಸ್ರಾಕೇ ಬರಿ" ಎಂದರು.

ಬರೆಯುತ್ತಿದ್ದೇನೆ. ಅವರ ಹೆಸರು ಕೆಂಪಾಜಮ್ಮ. ಅವರಿಗೆ ವಾಸಿಯಾಗಿದೆ.

ಮಗಳ ಹೆಸರನ್ನು ಬರೆಯುವುದಿಲ್ಲ, ಆಕೆ ಒಪ್ಪಿಗೆ ಕೊಟ್ಟಿಲ್ಲ. ಸಂಬಂಧಕ್ಕೂ ಒಪ್ಪಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದವಳು ಈಚೆ ಬಂದು ನನ್ನ ಮುಖ ನೋಡಿ ಒಂದೇ ಮಾತು ಕೇಳಿದಳು: "ನಾಳ ನನ್ನ ಮೈಮ್ಯಾಲ ಒಂದ್ ಮಚ್ಚ ಎದ್ರ, ನಿಮ್ಮನೇಲಿ ಯಾರ್ಗ ಏಳ್ಲಿ ಮಾವಾ?"

ನಮ್ಮ ಮನೆಯಲ್ಲಿ ಆಕೆ ಹೇಳಬಹುದಾದವರು ಯಾರು ಎಂದು ಯೋಚಿಸಿದೆ. ಒಬ್ಬರೂ ಸಿಗಲಿಲ್ಲ. ನಾವಿಬ್ಬರೂ ಎದ್ದು ಬಂದೆವು.

ಈಗ ತಮ್ಮ ಸಂಸ್ಥೆಯಿಂದ ಇನ್ನೊಂದು ಕಾಗದ ಬಂದಿದೆ. ಬರುವ ತಿಂಗಳು ಎರಡನೆಯ ಸುತ್ತಿನ ಸಮೀಕ್ಷೆಯಂತೆ, ನನ್ನ ಸಹಕಾರ ಬೇಕಂತೆ. ಕೊಡುವುದಿಲ್ಲ. ಹಂಚಿದ ಪಟ್ಟಿಗಳನ್ನೆಲ್ಲ ಮೊದಲು ವಾಪಸು ತರಿಸಿಕೊಳ್ಳಿ. ಟೇಪಿನಿಂದ ಮನೆಯ ಹೆಸರಿನ ಕಾಲಂ ಅಳಿಸಿ. ಅದನ್ನು ಸೇರಿಸಿದವನು ನಾನು, ಅಳಿಸಿ ಎಂದು ಕೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ವಾಸಿಯಾದವರನ್ನು ವಾಸಿಯಾದವರೆಂದು ಬರೆಯಿರಿ. ಆಮೇಲೆ ತಾವೇ ಖುದ್ದಾಗಿ ಬಂಡಳ್ಳಿಗೆ ಬಂದು, ಪಟ್ಟಿ ಬಿದ್ದಿದ್ದ ಆ ಪಂಚಾಯಿತಿಯ ಮುಂದೆ ನಿಂತು, ತಪ್ಪಾಯಿತು ಎಂದು ಜನಕ್ಕೆ ಕೇಳುವಂತೆ ಹೇಳಿ. ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ. ಆ ಹುಡುಗಿ ಬಂದು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ, ಬರದಿದ್ದರೆ ಅದು ಅವಳ ಇಷ್ಟ.

ಇಂತಿ,
ಜನ ಈಗ ಕಾಗದ ಓದಿಸಿಕೊಳ್ಳಲು ಬರುವುದನ್ನು ನಿಲ್ಲಿಸಿರುವ,
ಅಜ್ಜೀಪುರದ ಪೋಸ್ಟ್‌ಮಾಸ್ಟರ್ ಶಿವನಂಜಯ್ಯ