ಒಡಪಿನಲ್ಲಿ ಉಳಿದ ಹೆಸರು

ವಾಯಿ
ಫೆಬ್ರುವರಿ ೯

ವೃಂದಾ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ, ಬರೀ ಹೆಸರು ಬರೆದಿದ್ದೇನೆ. ನಿನ್ನೆಯಿಂದ ಫೋನ್ ಮಾಡಿದರೆ ಕಟ್ ಮಾಡುತ್ತೀ. ಅಂಚೆಯವನನ್ನಂತೂ ಬ್ಲಾಕ್ ಮಾಡಲಾರೆಯಲ್ಲ, ಅದಕ್ಕೇ ಈ ಕಾಗದ.

ನಮ್ಮ ಪಕ್ಕದ ಮನೆಯ ಸಾನಿಕಾ ನೆನಪಿದ್ದಾಳಲ್ಲ? ನೀನು ಬಂದಾಗಲೆಲ್ಲ ನಿನ್ನ ಬಳೆ ಕೇಳುತ್ತಿದ್ದ ಹುಡುಗಿ. ನಿನ್ನೆ ಅವಳ ಮದುವೆ. ಊಟದ ಪಂಕ್ತಿಯಲ್ಲಿ ಅವಳು ಗಂಡಿನ ಬಾಯಿಗೆ ಜಿಲೇಬಿ ಇಡುವ ಹೊತ್ತು. ಎರಡು ಸಾಲಿನ ಒಡಪು ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳಿಸದೆ ನಮ್ಮಲ್ಲಿ ಯಾರು ಬಿಡುತ್ತಾರೆ? “ಹೆಸರು ಹೇಳು, ಹೆಸರು ಹೇಳು” ಎಂದು ಎಲ್ಲರೂ ತಾಟು ಬಡಿಯುತ್ತಿದ್ದರು. ಹುಡುಗಿ ಹೆದರಿ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳಿಬಿಟ್ಟಳು:

ಹಾಲು ಉಕ್ಕೀತಂದ್ರ ಒಲಿಗೇ ನೈವೇದ್ಯ,
ಸಿಟ್ಟು ಉಕ್ಕೀತಂದ್ರ ಭಾಲಚಂದ್ರರಾಯರೇ ನನಗ ವೈದ್ಯ.

ಗಂಡಿನ ಹೆಸರು ಓಂಕಾರ! ಪಾಪ, ತೆರೆದ ಬಾಯಿ ತೆರೆದಂತೆಯೇ ಇತ್ತು. ನನ್ನ ಕೈಯಲ್ಲಿದ್ದ ಮಜ್ಜಿಗೆಯ ಲೋಟ ಸೀರೆಯ ಮೇಲೆ ಬಿತ್ತು. ಅದು ನನ್ನ ಒಡಪು ವೃಂದಾ. ಅದು ನಮ್ಮವರ ಹೆಸರು. ಅವರು ತೀರಿಕೊಂಡ ಮೇಲೆ ಈ ಎರಡು ವರ್ಷ ಯಾರ ಬಾಯಲ್ಲೂ ಕೇಳದ ಹೆಸರು. ಸಾನಿಕಾಳಿಗೆ ತಾನು ಹುಟ್ಟಿದಾಗಿನಿಂದ ಅವರು ಬರೀ ‘ಕಾಕಾ’. ಭಾಲಚಂದ್ರ ಯಾರೆಂದು ಅವಳಿಗೇನು ಗೊತ್ತು?

ಗಂಡಿನ ಸೋದರತ್ತೆ ಮೊದಲು ಎದ್ದಳು. “ಯಾರವಾ ಈ ಭಾಲಚಂದ್ರ?” ಎಂದಳು. ಸಾನಿಕಾ ಅಳುತ್ತಾ, “ಫೋನಿನಾಗ ಹಂಗೇ ಇತ್ರೀ, ಬಾಯಿಪಾಠ ಮಾಡಿದ್ದೆ, ಹೆಸರು ಬದಲಿ ಮಾಡೋದು ಮರ್ತೆ” ಅಂದಳು. “ಕಟ್ಟಿಕೊಂಡ ಗಂಡನ ಹೆಸರು ಮರ್ತಿ, ಇದೊಂದು ಹೆಸರು ಚಂದಾಗಿ ನೆನಪುಳೀತೇನು?” ಎಂದು ಸೋದರತ್ತೆ ಕುಟುಕಿದಳು. ಓಂಕಾರ ಜಿಲೇಬಿಯನ್ನು ಅವಳ ಕೈಯಿಂದ ತೆಗೆದು ತಾಟಿನಲ್ಲಿಟ್ಟ. ಆ ಹುಡುಗಿಯ ಮುಖ ನೋಡಲು ನನ್ನಿಂದಾಗಲಿಲ್ಲ.

ಅವಳು ಫೋನಿನಲ್ಲಿ ನಿನ್ನ ಒಡಪುಗಳ ಪುಟ ತೆರೆದಳು. ಅಲ್ಲಿ ಒಡಪೇ ಇರಲಿಲ್ಲ. ಇರುವುದಾದರೂ ಹೇಗೆ? ನನ್ನ ಪುಟದಿಂದ ಅದನ್ನು ಎತ್ತಿ, ಕೆಳಗಿದ್ದ ನನ್ನ ಹೆಸರು ಕತ್ತರಿಸಿ, ಸುತ್ತ ಮಲ್ಲಿಗೆಯ ಬಳ್ಳಿ ಬಿಡಿಸಿ ‘ಸಂಗ್ರಹ: ವೃಂದಾ’ ಎಂದು ಹಾಕಿದವಳು ನೀನು. ಹೋದ ವಾರ ನಾನು, “ಕೆಳಗೆ ನನ್ನ ಹೆಸರೊಂದು ಹಾಕೇ” ಎಂದು ಕೇಳಿದ್ದೆ. ಒಂದು ಸಾಲು ಸೇರಿಸುವುದು ನಿನಗೆ ಅಷ್ಟು ಭಾರವಾಯಿತೇ? ನೀನು ಪೋಸ್ಟನ್ನೇ ಅಳಿಸಿಬಿಟ್ಟೆ.

ಗಂಡಿನ ಸೋದರಮಾವ ನಿನ್ನ ಪುಟದಲ್ಲಿದ್ದ ನಂಬರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ. ನನಗೆ ಜೀವ ಬಂದಂತಾಯಿತು. ವೃಂದಾ ಹೇಳುತ್ತಾಳೆ, ಅವಳಿಗೆ ಎಲ್ಲ ಗೊತ್ತು ಅಂದುಕೊಂಡೆ. ನಿನ್ನ ದನಿ ಬಂತು: “ಅಂಥಾದ್ದು ನಮ್ಮ ಪುಟದಾಗ ಇರಲೇ ಇಲ್ರೀ. ಭಾಲಚಂದ್ರ ಅಂದ್ರ ಯಾರೋ ಏನೋ, ನಂಗೊತ್ತಿಲ್ಲ.”

ಗೊತ್ತಿಲ್ಲವೇ? ಅವರು ಮಾಡಿದ ಚಹಾ ಎಷ್ಟು ಸಲ ಕುಡಿದಿದ್ದೀ? ಅವರನ್ನು ಒಯ್ಯುವಾಗ ನನ್ನ ಬೆನ್ನು ಹಿಡಿದು ಕೂತವಳು ಯಾರು? ಕದ್ದದ್ದಕ್ಕೆ ಸಿಟ್ಟು ಬಂದಿತ್ತು, ಅದು ಇಳಿಯುತ್ತಿತ್ತೇನೋ. ಇದು ಇಳಿಯುವಂಥದಲ್ಲ. ನಿನ್ನ ಪುಟ ನೋಡುವ ಎರಡು ಲಕ್ಷ ಜನರ ಮುಂದೆ ಮರ್ಯಾದೆ ಉಳಿಯಲೆಂದು ನೆರೆಮನೆಯ ಮಗುವಿನ ಮರ್ಯಾದೆ ಕಳೆದೆ.

ಕೊನೆಗೆ ನಾನೇ ಎದ್ದೆ. ನನ್ನ ಪುಟ ತೆರೆದು ತೋರಿಸಿದೆ. “ಇದು ನಾನು ಕಟ್ಟಿದ್ದು, ಭಾಲಚಂದ್ರ ನನ್ನ ಗಂಡ” ಎಂದೆ. ಸೋದರತ್ತೆ ಅದನ್ನು ನೋಡಿ, “ನಲವತ್ತು ಮಂದಿ ನೋಡೋ ಪುಟ. ಈಗ ಕುಂತು ಬರ್ದಿದ್ರೂ ಬರ್ದೀರಿ. ನಿಮ್ಮದೇ ಆಗಿದ್ರ ಅಳುಕದಂಗ ಹೇಳ್ರಿ ನೋಡೋಣು” ಎಂದಳು. ಹೇಳಿದೆ. ಇಡೀ ಮಂಟಪಕ್ಕೆ ಕೇಳುವಂತೆ ಹೇಳಿದೆ. ಗಂಡ ಹೋದವಳಿಗೆ ಹೆಸರು ಹೇಳು ಎಂದು ಯಾರು ಕೇಳುತ್ತಾರೆ ಹೇಳು? ಆ ಹೆಸರು ನಾಲಿಗೆಯ ಮೇಲೆ ಬಂದಾಗ ನನಗಾದದ್ದು ದುಃಖವಲ್ಲ, ಸಂತೋಷ. ಇಷ್ಟು ದೊಡ್ಡ ಅನಾಹುತದ ನಡುವೆ ಅದು ಎಲ್ಲಿಂದ ಬಂತೋ, ನನಗೇ ದಿಗಿಲಾಯಿತು.

ಆಮೇಲೆ ಹೇಗೋ ಸಂಭಾಳಿಸಿದೆ. ಓಂಕಾರ ನಕ್ಕ, ಜಿಲೇಬಿ ತಿಂದ. ಆದರೆ ಸೋದರತ್ತೆಯ ಮನಸ್ಸು ತಿಳಿಯಾಗಿಲ್ಲ. ಗುರುವಾರ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಬೀಗರೆಲ್ಲ ಸೇರುತ್ತಾರೆ. “ದೊಡ್ಡ ಪುಟದಾಕಿ ಇಲ್ಲ ಅಂದಾಳ” ಎಂದು ಆಕೆ ಈಗಲೇ ಊರಿಗೆಲ್ಲ ಹೇಳುತ್ತಿದ್ದಾಳಂತೆ. ಸಾನಿಕಾ ಬೆಳಿಗ್ಗೆ ಫೋನ್ ಮಾಡಿ ಅತ್ತಳು.

ಅದಕ್ಕೇ ಕೇಳುತ್ತಿದ್ದೇನೆ. ಗುರುವಾರದೊಳಗೆ ಆ ಒಡಪನ್ನು ನಿನ್ನ ಪುಟದಲ್ಲಿ ಮತ್ತೆ ಹಾಕು. ಗಂಡನ ಹೆಸರಿನ ಜಾಗ ಖಾಲಿ ಬಿಡು, ಇನ್ನೊಬ್ಬ ಹುಡುಗಿಗೆ ಹೀಗಾಗುವುದು ಬೇಡ. ಕೆಳಗೆ ಬರೆ: ಎಲ್ಲಿಂದ ತೆಗೆದುಕೊಂಡೆ, ಏಕೆ ಅಳಿಸಿದೆ, ಕಟ್ಟಿದವಳು ವಾಯಿಯ ಸುಲಭಾ, ಭಾಲಚಂದ್ರ ಪರಾಂಜಪೆಯವರ ಹೆಂಡತಿ. ಕ್ಷಮೆ ಕೇಳಬೇಕಾದದ್ದು ಸಾನಿಕಾಳಲ್ಲಿ, ನನ್ನಲ್ಲಲ್ಲ.

ನಿನ್ನ ಗೆಳತಿಯೋ ಅಲ್ಲವೋ ಇನ್ನೂ ತಿಳಿಯದ,
ಸುಲಭಾ

ತಾ.ಕ.: ಸಂಭಾಳಿಸಿದ್ದು ಹೇಗೆಂದು ಮೇಲೆ ಬರೆಯಲಿಲ್ಲ. “ಎಲ್ಲಿ ನಿಮ್ಮ ಯಜಮಾನ್ರು, ಮುಖನಾದ್ರೂ ತೋರಸ್ರಿ” ಎಂದು ಆ ಸೋದರತ್ತೆ ಕೇಳಿದಾಗ, ಮದುಮಗಳ ಬಾಯಿಂದ ಬಂದದ್ದು ಸತ್ತವರ ಹೆಸರು ಎಂದು ಹೇಳಲು ಬಾಯಿ ಬರಲಿಲ್ಲ. “ಪುಣೆಗೆ ಹೋಗ್ಯಾರ್ರೀ, ಸಂಜಿಗೆ ಬರ್ತಾರ” ಅಂದುಬಿಟ್ಟೆ. ನಮ್ಮ ಗಲ್ಲಿಯವರೆಲ್ಲ ಅಲ್ಲೇ ಇದ್ದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ಸಾನಿಕಾಳ ತಾಯಿ ಎದ್ದು ಬಂದು ಎಲ್ಲರೆದುರು ನನ್ನ ಹಣೆಗೆ ಕುಂಕುಮ ಇಟ್ಟಳು. ಆದ್ದರಿಂದ ವೃಂದಾ, ನೀನು ಬರೆಯುವಾಗ ಅವರ ಹೆಸರಿನ ಹಿಂದೆ ‘ದಿವಂಗತ’ ಎಂದು ಹಾಕಬೇಡ.